ಸಾಲಿನ ಮೊದಲನೆಯವಳು

ಆರ್ಡೆಲ್ಲಾ ಪಿಕೆನ್ಸ್ ತೀರಿಕೊಂಡು ಎರಡು ವಾರವೂ ಆಗಿಲ್ಲ. ಅವಳ ದನಿ ಇನ್ನೂ ನನ್ನ ಫೋನಿನಲ್ಲಿದೆ. "ಮೊಜೆಲ್, ಎಲ್ಲಿ ಹಾಳಾಗಿ ಹೋಗಿದೀಯೇ? ಫೋನ್ ಎತ್ತೋಕೆ ನಿನಗೇನು ರೋಗ?" ಎಂದು ಕೇಳುತ್ತಾಳೆ. ಅಳಿಸಲು ಮನಸ್ಸು ಬಂದಿಲ್ಲ.

ಪತ್ರಿಕೆಯಲ್ಲಿ ಅವಳ ಮರಣವಾರ್ತೆ ಬಂತು. ಮೂರನೇ ತರಗತಿಯ ಶಿಕ್ಷಕಿಯಾಗಿದ್ದಳು, ಚರ್ಚಿನ ಭಾನುವಾರದ ಶಾಲೆ ನಡೆಸುತ್ತಿದ್ದಳು, ಇಬ್ಬರು ಮಕ್ಕಳು, ಐದು ಮೊಮ್ಮಕ್ಕಳು. ಅದೆಲ್ಲ ನಿಜ. "ಮಾತಿನ ಮಲ್ಲಿ" ಎಂದೂ ಬರೆದಿದ್ದರು. ಅದೂ ನಿಜ. ಆದರೆ ಆ ಮಾತು ಅವಳಿಗೆ ಎಲ್ಲಿಂದ ಬಂತು ಎಂಬುದು ಬರೆದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು. ಕಾಲೇಜಿನಲ್ಲಿ ತಿಂಗಳುಗಟ್ಟಲೆ ನಾನು ಅವಳ ಕುತ್ತಿಗೆಯ ಹಿಂಭಾಗವನ್ನೇ ನೋಡುತ್ತ ನಡೆದವಳು.

ಅಲಬಾಮಾದ ಕೆಂಪು ಮಣ್ಣಿನಲ್ಲಿ ನಮ್ಮ ಕಪ್ಪು ಜನ ತಾವೇ ಇಟ್ಟಿಗೆ ಸುಟ್ಟು ಕಟ್ಟಿದ ಕಾಲೇಜು ಅದು. ನಾವು ಸೇರಿದ್ದು ಎಪ್ಪತ್ತಮೂರರಲ್ಲಿ. ಅಲ್ಲಿ ಹುಡುಗರಿಗೊಂದಷ್ಟು, ಹುಡುಗಿಯರಿಗೊಂದಷ್ಟು ಸಂಘಗಳು. ಎಲ್ಲಕ್ಕೂ ಮೂರು ಮೂರು ಗ್ರೀಕ್ ಅಕ್ಷರಗಳ ಹೆಸರು. ನಮ್ಮ ಸೋದರಿ ಸಂಘದ ಹುಡುಗಿಯರು ನೇರಳೆ ಬಣ್ಣದ ಕೋಟು ಹಾಕಿಕೊಂಡು ಊಟದ ಮನೆಗೆ ಹೋಗುತ್ತಿದ್ದರೆ ದಾರಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಆರ್ಡೆಲ್ಲಾಳ ತಾಯಿ ಹತ್ತಿಯ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಮಗಳು ಕಾಲೇಜಿಗೆ ಹೊರಟಾಗ ಆಕೆ ಹೇಳಿದ್ದು ಒಂದೇ ಮಾತಂತೆ: "ಒಬ್ಬಳೇ ಇರಬೇಡ, ಯಾರ ಜೊತೆಗಾದ್ರೂ ಸೇರ್ಕೋ." ಆರ್ಡೆಲ್ಲಾ ಮೊದಲ ವರ್ಷವೆಲ್ಲ ಒಬ್ಬಳೇ ಇದ್ದಳು. ತರಗತಿಯಲ್ಲಿ ಹಾಜರಿ ಕರೆದಾಗ ಅವಳು ಹೇಳುತ್ತಿದ್ದ "ಇದೀನಿ" ಎಂಬುದು ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ. ಎರಡು ಸಲ ಗೈರುಹಾಜರಿ ಹಾಕಿದ್ದರು, ಅವಳು ಕಣ್ಣೆದುರಿಗೇ ಕೂತಿದ್ದಾಗ.

ಎರಡನೇ ವರ್ಷ ನಾವು ಏಳು ಜನ ಸಂಘಕ್ಕೆ ಸೇರಲು ನಿಂತೆವು. ನಿಲ್ಲುವುದು ಎಂದರೆ ನಿಜವಾಗಿಯೂ ನಿಲ್ಲುವುದೇ. ಸೇರುವ ಹುಡುಗಿಯರು ಎತ್ತರದ ಪ್ರಕಾರ ಸಾಲಾಗಬೇಕು. ಗಿಡ್ಡಿ ಮುಂದೆ, ಉದ್ದದವಳು ಹಿಂದೆ. ಒಳಗೆ ಸೇರಿಸಿಕೊಳ್ಳುವ ದಿನದವರೆಗೆ ಎಲ್ಲಿ ಹೋದರೂ ಅದೇ ಸಾಲು, ಒಂದೇ ಹೆಜ್ಜೆ. ಸಂಘದ ಹಿರಿಯರೆಲ್ಲ ನಮಗೆ ದೊಡ್ಡಕ್ಕಂದಿರು. ದೊಡ್ಡಕ್ಕ ಏನು ಕೇಳಿದರೂ ಉತ್ತರ ಕೊಡಬೇಕಾದವಳು ಸಾಲಿನ ಮೊದಲನೆಯವಳು ಮಾತ್ರ. ಉಳಿದವರು ತುಟಿ ಬಿಚ್ಚುವಂತಿಲ್ಲ. ಏಳು ಜನಕ್ಕೆ ಒಂದೇ ಬಾಯಿ.

ನಮ್ಮನ್ನು ತಯಾರು ಮಾಡುವ ಹೊಣೆ ಹೊತ್ತಿದ್ದವಳು ಹಾರ್ಟೆನ್ಸ್ ರೀವ್ಸ್, ಕೊನೆಯ ವರ್ಷದವಳು. ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಹೆಂಗಸು. ಹಾಸ್ಟೆಲಿನ ಬಾಗಿಲ ಚೌಕಟ್ಟಿಗೆ ಒಬ್ಬೊಬ್ಬರನ್ನೇ ನಿಲ್ಲಿಸಿ, ತಲೆಯ ಮೇಲೆ ಪ್ರಾರ್ಥನೆಯ ಪುಸ್ತಕ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದಳು. ಆರ್ಡೆಲ್ಲಾಳ ಗುಂಗುರು ಕೂದಲು ಮೋಡದ ಹಾಗೆ ಎದ್ದು ನಿಂತಿತ್ತು.

"ಇದನ್ನೆಲ್ಲ ಲೆಕ್ಕಕ್ಕೆ ತಗೊಳ್ಳಲ್ಲ" ಎಂದು ಹಾರ್ಟೆನ್ಸ್ ಪುಸ್ತಕವನ್ನು ಬುರುಡೆ ಸಿಗುವವರೆಗೆ ಒತ್ತಿದಳು. ಆರ್ಡೆಲ್ಲಾಳ ಗೆರೆ ನನ್ನ ಗೆರೆಗಿಂತ ಒಂದು ಬೆರಳು ಕೆಳಗೆ ಬಿತ್ತು. "ಸರಿ, ನೀನು ಮೊದಲನೆಯವಳು. ಈ ಸಾಲಿನ ಬಾಯಿ ನೀನು. ನಿನ್ನ ಹೆಸರು ಹೇಳು."

ಆರ್ಡೆಲ್ಲಾ ಹೇಳಿದಳು.

"ಏನಂದೆ?"

ಮತ್ತೆ ಹೇಳಿದಳು.

"ದೇವರೇ, ಬಾಯಿಗೇ ಬಾಯಿಲ್ಲವಲ್ಲಪ್ಪ" ಎಂದಳು ಹಾರ್ಟೆನ್ಸ್. ಹಿಂದೆ ನಿಂತಿದ್ದ ದೊಡ್ಡಕ್ಕಂದಿರು ನಕ್ಕರು.

ನಮಗೆ ನಗು ಬರಲಿಲ್ಲ. ಮೊದಲನೆಯವಳ ಉತ್ತರ ಕೇಳದಿದ್ದರೆ ಶಿಕ್ಷೆ ಏಳೂ ಜನಕ್ಕೆ. ಹಾಸ್ಟೆಲಿನ ಮೆಟ್ಟಿಲು ಉಜ್ಜಿದೆವು, ದೊಡ್ಡಕ್ಕಂದಿರ ಬಟ್ಟೆ ಒಗೆದೆವು. ನಮ್ಮ ಮೇಲೆ ಕೂಗಾಡಿದರು. ಆ ಕೂಗಾಟದಲ್ಲಿ ಅರ್ಧದಷ್ಟು ಬೇಕಿರಲಿಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ. ನಾಲ್ಕನೆಯವಳಾದ ಬರ್ನಡೀನ್‌ಳ ನಾಲಿಗೆ ಮೊದಲಿನಿಂದಲೂ ಕತ್ತರಿ. ಒಗೆಯುವ ಕೋಣೆಯಲ್ಲಿ ನಾವು ನಾವೇ ಇದ್ದಾಗ ಆರ್ಡೆಲ್ಲಾಳ ಮುಂದೆಯೇ ಅಂದಳು, "ಇವಳ ಅಮ್ಮ ಗಿರಣಿಯಿಂದ ಹತ್ತಿ ತಂದು ಇವಳ ಗಂಟಲಿಗೇ ತುರುಕಿದಾರೆ ಕಣೇ."

ಮರುದಿನ ಸಂಜೆ ಆರ್ಡೆಲ್ಲಾ ನನ್ನ ತೋಳು ಹಿಡಿದು, "ನನ್ನ ಜೊತೆ ಬರ್ತೀಯಾ?" ಎಂದಳು.

ದೊಡ್ಡಕ್ಕಂದಿರ ಕಣ್ಣು ತಪ್ಪಿಸಿ ಕರೆದುಕೊಂಡು ಹೋದದ್ದು ಕಾಲೇಜಿನ ಬ್ಯಾಂಡಿನವರು ಅಭ್ಯಾಸ ಮಾಡುವ ಮೈದಾನಕ್ಕೆ. ನಮ್ಮ ಬ್ಯಾಂಡಿನ ತುತ್ತೂರಿಗಳ ಸದ್ದಿಗೆ ಪಕ್ಕದ ಬೀದಿಯ ಕಿಟಕಿಗಾಜುಗಳು ಅದುರುತ್ತಿದ್ದವು. ಬೇಲಿಯ ಹೊರಗೆ ನಿಂತು ಆರ್ಡೆಲ್ಲಾ ಆ ಸದ್ದಿನ ಮೇಲೆ ಕೂಗಲು ಶುರುಮಾಡಿದಳು. ಸಂಘ ಕಟ್ಟಿದ ಹೆಂಗಸರ ಹೆಸರುಗಳು, ಗ್ರೀಕ್ ಅಕ್ಷರಗಳು, ಅವನ್ನು ಮುಗಿಸಿದರೆ ತನ್ನ ತಮ್ಮ ತಂಗಿಯರ ಹೆಸರುಗಳು. ಪಕ್ಕದಲ್ಲೇ ಇದ್ದ ನನಗೆ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಪ್ರತಿ ಸಂಜೆ ಹೋದೆವು. ಒಂದು ಸಂಜೆ ಬ್ಯಾಂಡ್ ಮೇಷ್ಟರು ನಡುವೆ ಥಟ್ಟನೆ ಕೋಲು ಎತ್ತಿ ವಾದ್ಯ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಆರ್ಡೆಲ್ಲಾಳ ದನಿ ಒಂದೇ ಮೈದಾನದ ಆ ತುದಿಯವರೆಗೆ ಹೋಯಿತು. ಎಲ್ಲರೂ ತಿರುಗಿ ನೋಡಿದರು. ಅವಳು ಓಡಿಹೋಗುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ದೊಡ್ಡ ತುತ್ತೂರಿಯ ದಡೂತಿ ಹುಡುಗನೊಬ್ಬ ಅವಳಿಗೆ ಉತ್ತರವೆಂಬಂತೆ ಒಂದೇ ಒಂದು ಉದ್ದನೆಯ ಸ್ವರ ಊದಿದ. ಮೈದಾನವೆಲ್ಲ ನಕ್ಕಿತು. ಆರ್ಡೆಲ್ಲಾಳೂ ನಕ್ಕಳು. ಆಮೇಲೆ ಬಿಟ್ಟಲ್ಲಿಂದ ಮುಂದಕ್ಕೆ ಕೂಗಿದಳು.

ದನಿ ಬಂತು. ಆದರೆ ಅದುವರೆಗೆ ಅವಳು ಹೇಳುತ್ತಿದ್ದುದೆಲ್ಲ ಬಾಯಿಪಾಠದ ಉತ್ತರ. ಸ್ವಂತ ಮಾತು ಆಡುವ ಹೊತ್ತು ಬಂದದ್ದು ವಿಲ್ಮೆಟ್ಟಾಳಿಂದ.

ವಿಲ್ಮೆಟ್ಟಾ ಟಬ್ಸ್ ಸಾಲಿನ ಕೊನೆಯವಳು, ಆರಡಿ ಎತ್ತರ, ಬಾಗಿಲು ಕಂಡರೆ ತಲೆ ತಗ್ಗಿಸುವ ಅಭ್ಯಾಸ. ನವೆಂಬರಿನಲ್ಲಿ ನಡುಪರೀಕ್ಷೆಯ ಫಲಿತಾಂಶ ಬಂದಾಗ ಅವಳು ರಸಾಯನಶಾಸ್ತ್ರದಲ್ಲಿ ಫೇಲಾಗಿದ್ದಳು. ಸಂಘದ ನಿಯಮದಲ್ಲಿ ಅನುಮಾನವಿರಲಿಲ್ಲ: ಯಾವ ವಿಷಯದಲ್ಲಿ ಫೇಲಾದರೂ ಸಾಲಿನಿಂದ ಹೊರಗೆ. ಸಾಲಿನಿಂದ ಬಿದ್ದ ಹುಡುಗಿ ಕಾಲೇಜಿನಲ್ಲೂ ಉಳಿಯುತ್ತಿರಲಿಲ್ಲ. ಹಿಂದಿನ ವರ್ಷ ಬಿದ್ದವಳು ಕ್ರಿಸ್ಮಸ್ಸಿಗೆ ಊರಿಗೆ ಹೋದವಳು ವಾಪಸು ಬಂದಿರಲಿಲ್ಲ. ವಿಲ್ಮೆಟ್ಟಾ ಆಗಲೇ ಪೆಟ್ಟಿಗೆ ಕಟ್ಟಿದ್ದಳು.

ಸಂಜೆ ಹಾರ್ಟೆನ್ಸ್ ನಮ್ಮನ್ನು ನಿಲ್ಲಿಸಿಕೊಂಡಳು. ಅವಳ ಮುಖದಲ್ಲೂ ಸಂತೋಷವಿರಲಿಲ್ಲ. "ನಾಳೆಯಿಂದ ಈ ಸಾಲಿನಲ್ಲಿ ಆರು ಜನ. ಸಾಲು ಒಪ್ಪಿತೇ?"

ಇದಕ್ಕೂ ಒಂದು ಕಟ್ಟಿಟ್ಟ ಉತ್ತರವಿತ್ತು. "ಸಾಲು ಒಪ್ಪಿತು, ದೊಡ್ಡಕ್ಕ" ಎನ್ನಬೇಕು. ಬೇರೆ ಉತ್ತರ ಕೊಟ್ಟವರನ್ನು ಯಾರೂ ಕಂಡಿರಲಿಲ್ಲ. ನನ್ನ ಮುಂದೆ ಆರ್ಡೆಲ್ಲಾಳ ಕುತ್ತಿಗೆ ಬೆವರಿತ್ತು. ಅವಳ ಭುಜಗಳು ಎಂದಿನಂತೆ ಒಳಕ್ಕೆ ಮಡಿಚಿಕೊಂಡಿದ್ದವು.

"ಸಾಲು ಒಪ್ಪಿತೇ?" ಹಾರ್ಟೆನ್ಸ್ ಮತ್ತೆ ಕೇಳಿದಳು.

"ಒಪ್ಪಲ್ಲ, ದೊಡ್ಡಕ್ಕ."

"ಏನು?"

"ಸಾಲು ಒಪ್ಪಲ್ಲ. ಡಿಸೆಂಬರಲ್ಲಿ ಇನ್ನೊಂದು ಪರೀಕ್ಷೆ ಇದೆ. ಅಲ್ಲೀವರೆಗೂ ನಾವು ಏಳೇ ಜನ. ಅದರಲ್ಲೂ ಅವಳು ಫೇಲಾದ್ರೆ, ಏಳೂ ಜನಾನ ತೆಗೆದುಬಿಡಿ."

ನನ್ನ ಹಿಂದೆ ಬರ್ನಡೀನ್ ಉಸಿರು ಎಳೆದುಕೊಂಡದ್ದು ಕೇಳಿಸಿತು. ಅವಳಿಗೂ ನನಗೂ ಹೇಳಲು ಬೇಕಾದಷ್ಟಿತ್ತು. ಆದರೆ ಸಾಲಿನಲ್ಲಿ ಇದ್ದದ್ದು ಒಂದೇ ಬಾಯಿ, ಅದು ಮಾತು ಕೊಟ್ಟಾಗಿತ್ತು.

ಹಾರ್ಟೆನ್ಸ್ ಬಹಳ ಹೊತ್ತು ಅವಳನ್ನೇ ನೋಡಿದಳು. "ಬಾಯಿ ಬಂತು ಅಂತ ಹೀಗಾ?" ಎಂದಳು. ಆಮೇಲೆ, "ಸರಿ. ಏಳು ಇಲ್ಲದಿದ್ರೆ ಸೊನ್ನೆ. ನೆನಪಿರಲಿ, ನಾನು ಮಾತಿಗೆ ತಪ್ಪೋಳಲ್ಲ" ಎಂದು ಹೊರಟುಹೋದಳು.

ಒಗೆಯುವ ಕೋಣೆಯ ಬಾಗಿಲು ಮುಚ್ಚಿದ್ದೇ ತಡ, ಬರ್ನಡೀನ್ ಅವಳ ಮೇಲೆ ಬಿದ್ದಳು. "ಯಾರನ್ನ ಕೇಳಿ ಹೇಳ್ದೆ ನೀನು?"

"ಕೇಳೋಣ ಅಂದ್ರೆ ನಿಮಗೆ ಬಾಯಿ ಎಲ್ಲಿತ್ತು?" ಎಂದಳು ಆರ್ಡೆಲ್ಲಾ.

"ನಮ್ಮಮ್ಮ ಆಗಲೇ ನೇರಳೆ ಕೋಟಿಗೆ ಬಟ್ಟೆ ಕತ್ತರಿಸಿದಾರೆ ಕಣೇ. ಈಗ ಅದನ್ನ ಯಾರಿಗೆ ಹೊದಿಸ್ಲಿ, ಹಸುಗಾ?"

"ಜಗಳ ಬೇಡ, ನಾನು ಹೋಗ್ತೀನಿ" ಎಂದಳು ವಿಲ್ಮೆಟ್ಟಾ ಮೂಲೆಯಿಂದ. "ನನ್ನ ತಲೆಗೆ ಅದು ಹತ್ತಲ್ಲ. ಧಾತುಗಳ ಹೆಸರು ಎಷ್ಟು ಬೇಕಾದ್ರೂ ಹೇಳ್ತೀನಿ. ಸಮೀಕರಣ ಸರಿದೂಗಿಸು ಅಂದ್ರೆ ಮಂಜು ಕವಿಯುತ್ತೆ."

ಆರ್ಡೆಲ್ಲಾ ಅವಳ ಪೆಟ್ಟಿಗೆಯನ್ನು ತಂದು ಅದರ ಮೇಲೆ ಕೂತಳು. "ಇದು ಬೇಕಾದ್ರೆ ಮೊದಲು ನನ್ನ ಎಬ್ಬಿಸು."

ಆ ಮೂರು ವಾರ ನಮ್ಮ ತರಗತಿ ಅದೇ ಕೋಣೆಯಲ್ಲಿ ನಡೆಯಿತು, ಒಣಗಿಸುವ ಯಂತ್ರಗಳ ಬಿಸಿಯಲ್ಲಿ. ಸಂಘದಲ್ಲಿ ಒಂದು ಪದ್ಧತಿಯಿತ್ತು: ಬೆಂಕಿಕಡ್ಡಿ ಗೀರಿ ಕೈಯಲ್ಲಿ ಹಿಡಿದು, ಅದು ಬೆರಳಿಗೆ ತಾಗುವುದರೊಳಗೆ ಗ್ರೀಕ್ ಅಕ್ಷರಮಾಲೆ ಮುಗಿಸಬೇಕು. ಆರ್ಡೆಲ್ಲಾ ಅದೇ ಕಡ್ಡಿಯಲ್ಲಿ ನಮಗೆಲ್ಲ ಧಾತುಗಳನ್ನು ಹೇಳಿಸಿದಳು. "ಸೋಡಿಯಂ ಬರೋಷ್ಟರಲ್ಲಿ ನನ್ನ ಬೆರಳೇ ಬೆಂದುಹೋಗುತ್ತೆ" ಎಂದು ಬರ್ನಡೀನ್ ಬೈದಳು, ಆದರೂ ಕಡ್ಡಿ ಗೀರಿದಳು. ಹೆಸರುಗಳು ಬಂದವು. ಸಮೀಕರಣ ಬರಲಿಲ್ಲ. ವಿಲ್ಮೆಟ್ಟಾ ಕಾಗದ ನೋಡುತ್ತಾಳೆ, ಕಣ್ಣು ತುಂಬಿಕೊಳ್ಳುತ್ತಾಳೆ.

ಒಂದು ಶನಿವಾರ ಮಧ್ಯಾಹ್ನ ಆರ್ಡೆಲ್ಲಾ ಕಾಗದವನ್ನು ಮಡಿಚಿ ಯಂತ್ರದ ಮೇಲಿಟ್ಟಳು. "ಏಳ್ರೇ ಎಲ್ಲ. ಬರ್ನಡೀನ್, ನೀನು ಆಮ್ಲಜನಕ. ಆಮ್ಲಜನಕಕ್ಕೆ ಎರಡು ಕೈ. ಮೊಜೆಲ್, ನೀನು ಜಲಜನಕ, ನಿನಗೆ ಒಂದೇ ಕೈ. ಇನ್ನೊಂದು ಜೇಬಲ್ಲಿಟ್ಕೋ."

ಹಾಗೆ ಆರ್ಡೆಲ್ಲಾ, ನಾನು ಕೈ ಹಿಡಿದ ಎರಡು ಜಲಜನಕಗಳಾದೆವು. ಬರ್ನಡೀನ್ ಮತ್ತು ಐದನೆಯವಳು ಎರಡೂ ಕೈ ಹಿಡಿದ ಆಮ್ಲಜನಕಗಳು. ಉಳಿದಿಬ್ಬರು ಬಟ್ಟೆಬುಟ್ಟಿಯ ಮೇಲೆ ಕೂತು ನೋಡುತ್ತಿದ್ದರು. "ವಿಲ್ಮೆಟ್ಟಾ, ನಮ್ಮನ್ನ ನೀರು ಮಾಡು" ಎಂದಳು ಆರ್ಡೆಲ್ಲಾ. "ಒಂದೇ ನಿಯಮ. ಒಳಗೆ ಬಂದೋರು ಎಷ್ಟು ಜನಾನೋ, ಹೊರಗೆ ಹೋಗೋರೂ ಅಷ್ಟೇ ಜನ. ಯಾರನ್ನೂ ಬಿಟ್ಟುಹೋಗೋ ಹಾಗಿಲ್ಲ."

ವಿಲ್ಮೆಟ್ಟಾ ಎರಡೂ ಜೋಡಿ ಬಿಡಿಸಿ, ಐದನೆಯವಳ ಒಂದೊಂದು ಕೈಗೆ ನಮ್ಮಿಬ್ಬರನ್ನು ಕಟ್ಟಿದಳು. ನೀರಾಯಿತು. ಬರ್ನಡೀನ್ ಒಬ್ಬಳೇ ಎರಡು ಕೈ ಚಾಚಿಕೊಂಡು ಕೋಣೆಯ ನಡುವೆ ನಿಂತಳು.

"ನನ್ನ ಗತಿಯೇನೇ? ಮದುವೆಮನೇಲಿ ಊಟಕ್ಕೆ ಕರೀದೇ ಬಿಟ್ಟ ಹಾಗೆ ನಿಲ್ಲಿಸಿದೀಯಲ್ಲ."

ವಿಲ್ಮೆಟ್ಟಾ ಅವಳನ್ನು ನೋಡಿದಳು. ಬುಟ್ಟಿಯ ಮೇಲೆ ಕೂತಿದ್ದ ಇಬ್ಬರನ್ನು ನೋಡಿದಳು. ಅವಳ ಮುಖದಲ್ಲಿ ಏನೋ ನಿಧಾನವಾಗಿ ಬಿಚ್ಚಿಕೊಂಡಿತು. "ನೀವಿಬ್ಬರೂ ಏಳ್ರೇ" ಎಂದಳು. "ಒಂದೊಂದು ಕೈ ಜೇಬಲ್ಲಿಟ್ಕೊಳ್ಳಿ." ಇಬ್ಬರನ್ನೂ ತಂದು ಬರ್ನಡೀನ್‌ಳ ಎರಡು ಕೈಗೆ ಕಟ್ಟಿದಳು. "ಇನ್ನೊಂದು ಜೋಡಿ ಜಲಜನಕ ಬೇಕಿತ್ತು. ಅದಕ್ಕೇ ಮುಂದೆ ಎರಡು ಅಂತ ಬರೀತಾರೆ. ಅಷ್ಟೇನಾ?"

"ಅಷ್ಟೇ."

"ಇದನ್ನ ಆ ಪ್ರೊಫೆಸರು ಯಾಕೆ ಮೊದಲೇ ಹೇಳ್ಲಿಲ್ಲ?"

"ಅವರಿಗೆ ಬರ್ನಡೀನ್ ಇರ್ಲಿಲ್ಲ" ಎಂದಳು ಆರ್ಡೆಲ್ಲಾ.

ಅಲ್ಲಿಂದ ಮುಂದೆ ವಿಲ್ಮೆಟ್ಟಾಳನ್ನು ಹಿಡಿಯಲಾಗಲಿಲ್ಲ. ಜನ ಸಾಲದಾದಾಗ ಕಸಬರಿಗೆಗಳನ್ನೂ ಬಕೆಟ್ಟುಗಳನ್ನೂ ಧಾತು ಮಾಡಿದಳು. ಊಟದ ಮನೆಯಲ್ಲಿ ಜೋಳದ ಬ್ರೆಡ್ಡಿನ ತುಂಡುಗಳನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ಸರಿದೂಗಿಸಿದಳು. ಸಾಲಿನಲ್ಲಿ ಮಾತಾಡುವಂತಿರಲಿಲ್ಲವಾದ್ದರಿಂದ ನಾವು ಸುಮ್ಮನೆ ನೋಡುತ್ತಿದ್ದೆವು.

ಫಲಿತಾಂಶವನ್ನು ರಸಾಯನಶಾಸ್ತ್ರದ ಕಟ್ಟಡದ ಗೋಡೆಗೆ ಅಂಟಿಸಿದ ದಿನ ಹಾರ್ಟೆನ್ಸ್ ನಮಗಿಂತ ಮುಂಚೆ ಬಂದು ಅಲ್ಲಿ ನಿಂತಿದ್ದಳು. ನಾವು ಸಾಲಾಗಿ ಬಂದು ನಿಂತೆವು. ಕೊನೆಯಲ್ಲಿದ್ದ ವಿಲ್ಮೆಟ್ಟಾಳಿಗೆ ಎಲ್ಲರ ತಲೆಯ ಮೇಲಿಂದಲೂ ಗೋಡೆ ಕಾಣುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳಂತೆ. ಹಾರ್ಟೆನ್ಸ್ ಬೆರಳಿಟ್ಟು ಹುಡುಕಿದಳು. ಬೆರಳು ಪಟ್ಟಿಯ ಕೆಳಭಾಗದಲ್ಲಿ ನಿಲ್ಲಲಿಲ್ಲ, ನಡುವಿನಲ್ಲೂ ನಿಲ್ಲಲಿಲ್ಲ, ಮೇಲಕ್ಕೆ ಹೋಗಿ ನಿಂತಿತು.

"ಈ ಸಾಲಿನಲ್ಲಿ ಎಷ್ಟು ಜನ?" ಎಂದಳು ಗೋಡೆಯ ಕಡೆಗೇ ಮುಖ ಮಾಡಿ.

"ಏಳು ಜನ, ದೊಡ್ಡಕ್ಕ" ಎಂದಳು ಆರ್ಡೆಲ್ಲಾ. ಆ ದನಿ ಬ್ಯಾಂಡಿನ ಮೈದಾನದ್ದು. ಮೂರನೇ ಮಹಡಿಯ ಕಿಟಕಿಗಳು ತೆರೆದುಕೊಂಡವು.

ಕ್ರಿಸ್ಮಸ್ಸಿಗೆ ಮುಂಚೆ ಗ್ರಂಥಾಲಯದ ಮುಂದೆ, ಇಡೀ ಕಾಲೇಜಿನ ಎದುರಿಗೆ, ನಾವು ಏಳೂ ಜನ ನೇರಳೆ ಕೋಟಿನಲ್ಲಿ ನೆಲ ಅದುರುವಂತೆ ಹೆಜ್ಜೆ ಹಾಕಿ, ಚಪ್ಪಾಳೆಯಲ್ಲಿ ತಾಳ ಕಟ್ಟಿ ಸಂಘದ ಒಳಗೆ ಹೋದೆವು. ಕೂಗು ಕೊಟ್ಟವಳು ಆರ್ಡೆಲ್ಲಾ. ಆ ದಡೂತಿ ತುತ್ತೂರಿಯ ಹುಡುಗ ಮುಂದಿನ ಸಾಲಿನಲ್ಲಿ ನಿಂತಿದ್ದ. ಅವನ ಹೆಸರು ಲೂಥರ್ ಪಿಕೆನ್ಸ್. ಅವನ ಕತೆ ಬೇರೆ ಹೇಳಬೇಕಿಲ್ಲ, ಅವಳ ಹೆಸರಿನಲ್ಲೇ ಇದೆ.

ಇನ್ನೊಂದು ಸಂಗತಿ ಗೊತ್ತಾದದ್ದು ಪದವಿಯ ಹೊತ್ತಿಗೆ. ಗೌನಿಗೆ ಅಳತೆ ತೆಗೆಯುತ್ತಿದ್ದ ಹೆಂಗಸು ನನ್ನನ್ನೂ ಆರ್ಡೆಲ್ಲಾಳನ್ನೂ ಗೋಡೆಗೆ ನಿಲ್ಲಿಸಿ, "ಇವಳಿಗೆ ಒಂದು ಇಂಚು ಉದ್ದ ಜಾಸ್ತಿ ಬೇಕು" ಎಂದಳು ಅವಳ ಕಡೆ ತೋರಿಸಿ.

"ತಪ್ಪು ಅಳೆದಿದೀರಿ" ಎಂದೆ ನಾನು. "ನಾನೇ ಎತ್ತರ."

"ನಾನು ಇಪ್ಪತ್ತು ವರ್ಷದಿಂದ ಅಳೀತಿದೀನಮ್ಮ. ನೀನು ಗಿಡ್ಡಿ. ಬೇಜಾರು ಮಾಡ್ಕೋಬೇಡ, ಬಟ್ಟೆ ಉಳಿಯುತ್ತೆ."

ನಾವಿಬ್ಬರೂ ಹಾಸ್ಟೆಲಿಗೆ ಓಡಿದೆವು. ಬಾಗಿಲ ಚೌಕಟ್ಟಿನ ಮೇಲೆ ಆ ಪೆನ್ಸಿಲ್ ಗೆರೆಗಳು ಇನ್ನೂ ಇದ್ದವು. ನನ್ನ ತಲೆ ನನ್ನ ಗೆರೆಗೇ ಬಂತು. ಆರ್ಡೆಲ್ಲಾಳ ತಲೆ ಅವಳ ಗೆರೆಯನ್ನೂ ನನ್ನ ಗೆರೆಯನ್ನೂ ದಾಟಿ ಮೇಲೆ ಹೋಯಿತು. ಅಳೆದ ದಿನ ಅವಳು ಹೆದರಿ ಮಂಡಿ ಮಡಿಚಿ, ಭುಜ ಒಳಕ್ಕೆಳೆದುಕೊಂಡು ನಿಂತಿದ್ದಳು. ಉದ್ದ ಲಂಗದೊಳಗೆ ಮಂಡಿ ಯಾರಿಗೂ ಕಂಡಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ; ಆಗ ಅವಳು ನಿಲ್ಲುತ್ತಿದ್ದದ್ದೇ ಹಾಗೆ.

ಅವಳು ನೆಲದ ಮೇಲೆ ಕೂತು ನಗತೊಡಗಿದಳು. "ಅಂದ್ರೆ ಬಾಯಿ ಆಗಬೇಕಾಗಿದ್ದೋಳು ನೀನು. ನಿನ್ನ ಕೆಲಸ ಇಷ್ಟು ದಿನ ನಾನು ಮಾಡಿದೀನಿ. ಮೊಜೆಲ್, ನನಗೆ ಕೂಲಿ ಕೊಡೇ."

"ನಾನಾಗಿದ್ರೆ 'ಒಪ್ಪಿತು' ಅಂದುಬಿಡ್ತಿದ್ದೆ" ಎಂದೆ. ಅದು ತಮಾಷೆಯಲ್ಲ, ಅವಳಿಗೂ ಗೊತ್ತಿತ್ತು. ಅವಳು ನನ್ನ ಕೈ ಹಿಡಿದು ಎದ್ದಳು. ನೇರವಾಗಿ ನಿಂತಳು.

ಆಮೇಲಿನ ನಲವತ್ತು ಚಿಲ್ಲರೆ ವರ್ಷ ಅವಳ ಊರಿನವರಿಗೆಲ್ಲ ಗೊತ್ತು. ಮೂರನೇ ತರಗತಿ ಬಿಟ್ಟು ಮೇಲೆ ಹೋಗಲು ಒಪ್ಪಲಿಲ್ಲ. ಮುಖ್ಯೋಪಾಧ್ಯಾಯಿನಿ ಮಾಡುತ್ತೇವೆಂದರೆ, "ಅಲ್ಲಿ ಮಕ್ಕಳಿಲ್ಲ" ಎನ್ನುತ್ತಿದ್ದಳು. ಅವಳು ಮಾಡಿದ ಗೆಣಸಿನ ಪೈ ಎಂಬ ಸಿಹಿತಿಂಡಿಯನ್ನು ಚರ್ಚಿನ ಊಟದಲ್ಲಿ ಎಲ್ಲರೂ ಹೊಗಳಿ ಪಕ್ಕಕ್ಕೆ ಸರಿಸುತ್ತಿದ್ದರು. ಕಾರು ಓಡಿಸುವಾಗ ಮಾತಾಡಬೇಡ ಎಂದು ಲೂಥರ್ ಅವಳನ್ನು ಬೇಡಿಕೊಳ್ಳುತ್ತಿದ್ದ. ತರಗತಿಯಲ್ಲಿ ಪ್ರತಿ ವರ್ಷ ಮೊದಲ ವಾರ ಮಾತೇ ಆಡದ ಮಗುವನ್ನು ಹುಡುಕುತ್ತಿದ್ದಳು. ಊಟಕ್ಕೆ ಹೋಗುವ ಸಾಲಿನಲ್ಲಿ ಅದನ್ನು ಮುಂದೆ ನಿಲ್ಲಿಸಿ, "ಈ ವಾರ ತರಗತಿಯ ಬಾಯಿ ನೀನು. ಇವರಿಗೆ ಏನು ಬೇಕೋ ಕೇಳ್ಕೊಂಡು ಬಂದು ನನಗೆ ಹೇಳು" ಎನ್ನುತ್ತಿದ್ದಳು. ಉಳಿದ ಮಕ್ಕಳು ಆಟದ ಹೊತ್ತು ಜಾಸ್ತಿ ಬೇಕಾದರೆ ಆ ಮಗುವಿಗೆ ಧೈರ್ಯ ತುಂಬಲೇಬೇಕಾಗುತ್ತಿತ್ತು. ಅವಳಿಗೆ ಬೇಕಾಗಿದ್ದುದು ಅದೇ.

ವಿಲ್ಮೆಟ್ಟಾ ಮಾಂಟ್ಗಮರಿಯಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದ ಮುಖ್ಯಸ್ಥೆಯಾಗಿ ನಿವೃತ್ತಳಾದಳು. ಪ್ರತಿ ಕ್ರಿಸ್ಮಸ್ಸಿಗೂ ಆರ್ಡೆಲ್ಲಾಳಿಗೆ ಒಂದು ಬಾಟಲಿ ನೀರು ಕಳಿಸುತ್ತಿದ್ದಳು, ಮೇಲೆ ಒಂದು ಚೀಟಿ: "ಯಾರನ್ನೂ ಬಿಟ್ಟಿಲ್ಲ."

ಮಣ್ಣು ಮಾಡುವ ಹಿಂದಿನ ದಿನ ಸಂಜೆ ಚರ್ಚಿನಲ್ಲಿ ಸಂಘದ ಬೀಳ್ಕೊಡುಗೆ ಇತ್ತು. ತೀರಿಕೊಂಡ ಸೋದರಿಯ ಸಾಲಿನವರು ಶವಪೆಟ್ಟಿಗೆಯ ಮುಂದೆ ಎತ್ತರದ ಪ್ರಕಾರ ನಿಲ್ಲಬೇಕು. ನಾವು ಆರು ಜನ ನಿಂತೆವು. ಬರ್ನಡೀನ್‌ಳ ಕೈಯಲ್ಲಿ ಊರುಗೋಲು. "ನನ್ನ ಮಂಡಿ ಒಪ್ಪಲ್ಲ ಕಣೇ, ಆದ್ರೆ ಕೇಳೋರ್ಯಾರು" ಎಂದು ಗೊಣಗಿದಳು. ನಾನು ನನ್ನ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದೆ.

ನಡೆಸಿಕೊಡಲು ಬಂದವಳು ಹಾರ್ಟೆನ್ಸ್, ಗಾಲಿ ಕುರ್ಚಿಯಲ್ಲಿ. ಗಂಜಿ ಮಾತ್ರ ಇನ್ನೂ ಹೋಗಿರಲಿಲ್ಲ. "ಮೊಜೆಲ್, ಮುಂದೆ ಬಾ" ಎಂದಳು. "ಈಗ ಮೊದಲನೆಯವಳು ನೀನು."

"ನನ್ನ ಜಾಗ ಎರಡನೆಯದು, ದೊಡ್ಡಕ್ಕ."

"ಮೊದಲನೇ ಜಾಗದಲ್ಲಿ ನಿಂತೋಳು ಮಾತ್ರ ಮಾತಾಡಬೇಕು. ಗೊತ್ತಲ್ಲ."

"ಗೊತ್ತು."

ನನ್ನನ್ನು ಅವಳು ಬಹಳ ಹೊತ್ತು ನೋಡಿದಳು, ಹಿಂದೆ ಒಮ್ಮೆ ನೋಡಿದ ಹಾಗೆಯೇ. ಚರ್ಚು ತುಂಬಿತ್ತು, ಗೋಡೆಯುದ್ದಕ್ಕೂ ಆರ್ಡೆಲ್ಲಾಳ ಕೈಯಲ್ಲಿ ಮೂರನೇ ತರಗತಿ ಓದಿದವರು ನಿಂತಿದ್ದರು, ಕೆಲವರ ತಲೆ ನೆರೆತಿತ್ತು. ಹಾರ್ಟೆನ್ಸ್ ಪದ್ಧತಿಯಂತೆ ಕೇಳಿದಳು.

"ನಿಮ್ಮಲ್ಲಿ ಒಬ್ಬಳು ಹೊರಟುಹೋಗಿದ್ದಾಳೆ. ಇನ್ನು ಈ ಸಾಲಿನಲ್ಲಿ ಆರು ಜನ. ಸಾಲು ಒಪ್ಪಿತೇ?"

ನನ್ನ ಗಂಟಲಲ್ಲಿ ಹತ್ತಿ ಇತ್ತು. ಎದುರಿಗೆ ಯಾರ ಕುತ್ತಿಗೆಯೂ ಇರಲಿಲ್ಲ. ಮಂಡಿ ನೇರ ಮಾಡಿದೆ, ಭುಜ ಹಿಂದಕ್ಕೆ ತಂದೆ, ಎರಡನೇ ಜಾಗದಿಂದಲೇ ಹೇಳಿದೆ.

"ಒಪ್ಪಲ್ಲ, ದೊಡ್ಡಕ್ಕ. ನಾವು ಏಳು ಜನ."

ಕೊನೆಯ ಬೆಂಚಿನವರೆಗೆ ಕೇಳಿಸಿತು ಎಂದು ಆಮೇಲೆ ಲೂಥರ್ ಹೇಳಿದ. ಹಾರ್ಟೆನ್ಸ್ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡಳು.

"ಸರಿ, ಏಳು ಜನ" ಎಂದಳು. "ನಡೀರಿ."

ಮುಂದಿನ ಜಾಗವನ್ನು ಹಾಗೆಯೇ ಬಿಟ್ಟು, ಅದರ ಹಿಂದೆ ನಾವು ಹೆಜ್ಜೆ ಹಾಕಿದೆವು.